ಪತ್ರಿ ಬೀಳದ ಎಡಗೈ

ಇವತ್ತು ಬೆಳಿಗ್ಗೆ ಪೂಜೆಗೆ ಕೂತಾಗ ನನ್ನ ಅಂಗೈಯಿಂದ ಪತ್ರಿ ಜಾರಿ ಮಡಿಲಿಗೆ ಬಿತ್ತು. ಬಿಲ್ವದ ಮೂರೆಲೆ, ತೊಳೆದ ನೀರು ಇನ್ನೂ ಆರಿರಲಿಲ್ಲ. ಅದೇನು ದೊಡ್ಡ ಸಂಗತಿ ಅಂತ ನಿಮಗೆ ಅನ್ನಿಸಬಹುದು. ನಮ್ಮ ಮನೆಯಲ್ಲಿ ಅದು ದೊಡ್ಡ ಸಂಗತಿಯೇ. ಪತ್ರಿ ಜಾರಿದ್ದು ಮುಪ್ಪಿಗಲ್ಲ, ಸಂತೋಷಕ್ಕೆ. ನಿನ್ನೆಯಿಂದ ನನಗೆ ಆಗಿರುವ ಸಂತೋಷ ಎಂಥದ್ದೆಂದರೆ, ಸಾರಿಗೆ ಎರಡೆರಡು ಸಲ ಹುಳಿ ಹಾಕಿದ್ದೇನೆ, ಉಂಡು ಕೈ ತೊಳೆದು ಬಂದ ಗಿರಾಕಿಯ ಮುಂದೆ ಮತ್ತೆ ತಾಟು ಇಟ್ಟಿದ್ದೇನೆ. ಹೇಳಿದ್ದನ್ನೇ ಕೇಳಿ ಕೇಳಿ ಮನೆಮಂದಿಯ ಕಿವಿ ದಣಿದಿವೆ. ಅದಕ್ಕೇ ಬರೆಯಲು ಕೂತೆ. ನಾನು ಕಲಿತದ್ದು ಮೂರನೇ ಇಯತ್ತೆ, ಅಕ್ಷರಗಳು ಗೆರೆ ಬಿಟ್ಟು ಇಳಿಜಾರಿಗೆ ಓಡುತ್ತವೆ. ನೀವು ಸ್ವಲ್ಪ ಹಿಂದೆ ಹಿಂದೆ ಬನ್ನಿ.

ನಮ್ಮದು ಎಕ್ಕಂಬಿಯಲ್ಲಿ ರಸ್ತೆಯ ಬದಿಗೆ ಒಂದು ಖಾನಾವಳಿ. ಮುಂದೆ ಊಟದ ಬೆಂಚು, ಹಿಂದೆ ಮನೆ. ಮಗ ದುಡ್ಡಿನ ಗಲ್ಲೆಯ ಮೇಲೆ, ಸೊಸೆ ಗಿರಿಜಾ ಒಲೆಯ ಮುಂದೆ, ನಾನು ಎಲ್ಲರ ಕೆಲಸದ ನಡುವೆ. ರೊಟ್ಟಿ ಬಡಿಯುವವಳು ಮೊಮ್ಮಗಳು ಶಿವಲೀಲಾ. ನಮಗೆಲ್ಲ ಲೀಲಿ. ಅವಳ ಕೈಯ ಜೋಳದ ರೊಟ್ಟಿ ತಿನ್ನಲಿಕ್ಕೆಂದೇ ಹುಬ್ಬಳ್ಳಿ ಕಡೆಗೆ ಹೋಗುವ ಗಾಡಿಗಳು ನಮ್ಮಲ್ಲಿ ನಿಲ್ಲುತ್ತವೆ ಅಂತ ನಾನು ಹೇಳಿದರೆ ಮಗ ನಗುತ್ತಾನೆ. ನಗಲಿ. ಗಾಡಿಗಳಂತೂ ನಿಲ್ಲುತ್ತವೆ.

ಲೀಲಿಗೆ ಲಿಂಗಪೂಜೆ ಕಲಿಸಿದವಳು ನಾನು. ನಮ್ಮಲ್ಲಿ ಲಿಂಗವನ್ನು ಎಡಗೈಯ ಮೇಲಿಟ್ಟುಕೊಂಡು, ನೀರೆರೆದು, ವಿಭೂತಿ ಹಚ್ಚಿ, ಪತ್ರಿ ಏರಿಸಿ, ಕಣ್ಣು ಅಲ್ಲೇ ನೆಟ್ಟು ಕೂರುತ್ತಾರೆ. ಆ ಕೈ ಅಲುಗಬಾರದು. ಸಣ್ಣವಳಿದ್ದಾಗ ಲೀಲಿ ಎಂದರೆ ಬಾಲ ಸುಟ್ಟ ಬೆಕ್ಕು. ಕೂತಲ್ಲಿ ಕೂರಳು. ಗುಡ್ನಾಪುರದ ನನ್ನ ತವರಿಗೆ ಕರೆದುಕೊಂಡು ಹೋದರೆ, ಕೆರೆಯ ಏರಿಯ ಮೇಲೆ ಅವಳ ಹಿಂದೆ ಓಡಿಯೇ ನನ್ನ ಮೊಣಕಾಲು ಹಾಳಾದದ್ದು. ಇವಳನ್ನು ಕೂರಿಸುವುದು ಹೇಗೆ? ಒಂದು ಕಾಯಿದೆ ಮಾಡಿದೆ. ಪತ್ರಿ ಬಿದ್ದರೆ ಪೂಜೆ ಮೊದಲಿನಿಂದ. ಸ್ವಾಮಿಗಳು ಯಾರೂ ಹಾಗೆ ಹೇಳಿಲ್ಲ, ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ. ಅದು ನನ್ನದೇ ಸೃಷ್ಟಿ.

"ಅಜ್ಜಿ, ಪತ್ರಿ ಬಿತ್ತು," ಎನ್ನುವಳು, ತುಟಿ ಉಬ್ಬಿಸಿ.

"ಬಿದ್ದರ ಬೀಳಲಿ. ಮೊದಲಿಂದ ಕೂಡು."

"ಸೊಳ್ಳಿ ಕಡೀತು ಅಜ್ಜಿ!"

"ಸೊಳ್ಳಿಗೂ ಹಸಿವಿರತೈತಿ. ಮೊದಲಿಂದ."

ಹೀಗೆ ಬಿದ್ದು ಬಿದ್ದು, ಕೊನೆಗೊಂದು ದಿನ ಆ ಕೈ ಕಲ್ಲಿನ ಕಟ್ಟೆಯಂತೆ ನಿಂತುಬಿಟ್ಟಿತು. ಸುತ್ತ ಪಾತ್ರೆ ಬೀಳಲಿ, ಗಿರಾಕಿ ಕೂಗಲಿ, ಪತ್ರಿ ಮಾತ್ರ ಇಟ್ಟಲ್ಲೇ.

ಮದುವೆಯ ಮಾತುಕತೆ ಶುರುವಾಗುವ ಹೊತ್ತಿಗೆ ಲೀಲಿಯ ಮುಖ ಬೆಳಿಗ್ಗೆ ಬೆಳಿಗ್ಗೆ ಊದತೊಡಗಿತು. ನಿದ್ದೆ ಹೆಚ್ಚಾಯಿತು ಅಂದುಕೊಂಡೆವು. ಆಮೇಲೆ ಕಾಲು ಊದಿತು, ಊಟ ಸೇರದಾಯಿತು. ಶಿರಸಿಯ ಡಾಕ್ಟರು ರಕ್ತ ನೋಡಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿನ ಡಾಕ್ಟರು ನನ್ನಂಥವಳಿಗೂ ತಿಳಿಯುವ ಹಾಗೆ ಹೇಳಿದರು. ಎರಡೂ ಮೂತ್ರಪಿಂಡಗಳು ನಿಧಾನಕ್ಕೆ ಕೆಲಸ ಬಿಡುತ್ತಿವೆ. ಔಷಧಿ, ಪಥ್ಯದಿಂದ ಆದಷ್ಟು ದಿನ ಮುಂದೆ ತಳ್ಳಬಹುದು. ಒಂದಲ್ಲ ಒಂದು ದಿನ ಡಯಾಲಿಸಿಸ್ ಬೇಕಾಗುತ್ತದೆ, ರಕ್ತವನ್ನು ಯಂತ್ರದಲ್ಲಿ ಹಾಯಿಸಿ ತೊಳೆಯಬೇಕು. ಆ ದಿನ ಬರುವ ಮೊದಲೇ ಕೈ ತಯಾರಾಗಬೇಕು. ತೋಳಿನಲ್ಲಿ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದರೆ ಮೇಲಿನ ನಾಳ ತಿಂಗಳುಗಟ್ಟಲೆ ತೆಗೆದುಕೊಂಡು ದಪ್ಪಗಾಗಿ ಬಲಿಯುತ್ತದೆ, ಸೂಜಿ ತಡೆದುಕೊಳ್ಳುತ್ತದೆ. ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಕೆಲವರ ಕೈಗೆ ಹಿಡಿಯುತ್ತದೆ, ಕೆಲವರ ಕೈಗೆ ಹಿಡಿಯುವುದಿಲ್ಲ. ಹಿಡಿಯುವ ಮೊದಲೇ ಯಂತ್ರ ಬೇಕಾಗಿಬಿಟ್ಟರೆ ಕುತ್ತಿಗೆಯಲ್ಲಿ ನಳಿಗೆ ಹಾಕಬೇಕು, ಅದಕ್ಕೆ ನಂಜಿನ ಭಯ ಜಾಸ್ತಿ.

ಅಂದರೆ ಓಟ ಶುರುವಾಯಿತು ಅಂತ ನನಗೆ ತಿಳಿಯಿತು. ಒಳಗೆ ಮೂತ್ರಪಿಂಡ ಸೋಲುವುದು ಮೊದಲೋ, ಹೊರಗೆ ಕೈ ಗೆಲ್ಲುವುದು ಮೊದಲೋ.

"ಯಾವ ಕೈಯಿಂದ ಕೆಲಸ ಮಾಡ್ತೀಯಮ್ಮ?" ಡಾಕ್ಟರು ಕೇಳಿದರು.

"ಬಲಗೈ ಸರ."

"ಹಾಗಾದರೆ ಎಡಗೈಗೆ ಮಾಡೋಣ."

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಎಡಗೈ ಬ್ಯಾಡ್ರಿ ಸಾಹೇಬ್ರ! ಅದು ಲಿಂಗ ಹಿಡಿಯೋ ಕೈ. ಬಲಗೈಗೆ ಮಾಡ್ರಿ."

ಡಾಕ್ಟರು ಪಾಪ ಪೆನ್ನು ಹಿಡಿದುಕೊಂಡು ನನ್ನನ್ನೂ ಅವಳನ್ನೂ ನೋಡುತ್ತ ಕೂತರು. ಲೀಲಿ ನನ್ನ ಸೆರಗು ಜಗ್ಗಿ ಕೂರಿಸಿದಳು. "ಬಲಗೈ ಕೊಟ್ಟರ ರೊಟ್ಟಿ ನೀ ಬಡೀತೀಯೇನು? ನಿನ್ನ ರೊಟ್ಟಿ ತಿಂದರ ಇದ್ದ ಗಿರಾಕಿನೂ ಓಡಿ ಹೊಕ್ಕಾರ." ಆಮೇಲೆ ಡಾಕ್ಟರ ಕಡೆಗೆ ತಿರುಗಿದಳು. "ಸರ, ಮುಂದ ಯಂತ್ರ ಹಚ್ಚಿದಾಗ ಕೈ ಅಲುಗಿಸಬಾರದು ಅಂದ್ರಿ. ಎಷ್ಟು ಹೊತ್ತು?"

"ನಾಲ್ಕು ತಾಸು."

"ಎಡಗೈಗೇ ಮಾಡ್ರಿ. ಸುಮ್ಮನ ಇರೋದು ಅದಕ್ಕ ಗೊತ್ತೈತಿ. ನಮ್ಮ ಅಜ್ಜಿ ಸಣ್ಣಾಕಿದ್ದಾಗಿಂದ ಕಲಿಸ್ಯಾಳ."

ಏನು ಹೇಳಲಿ ನಿಮಗೆ. ಆ ಕೋಣೆಯಲ್ಲಿ ಅಳುವವಳು ಅವಳಾಗಬೇಕಿತ್ತು, ಸಮಾಧಾನ ಹೇಳುವವಳು ನಾನಾಗಬೇಕಿತ್ತು. ಆದದ್ದು ಉಲ್ಟಾ. ಬಸ್ಸು ಹತ್ತುವವರೆಗೂ ಅವಳೇ ನನ್ನ ಮೂಗು ಒರೆಸಿದಳು.

ಪಥ್ಯದ ಸಂಗತಿ ಕೇಳಿ. ಖಾರ, ಉಪ್ಪು, ಉಪ್ಪಿನಕಾಯಿಯ ಮೇಲೆ ನಿಂತ ಮನೆ ನಮ್ಮದು; ಅದರೊಳಗೆ ಇವಳಿಗೆ ಬೇರೆ ಗಡಿಗೆ. ತರಕಾರಿ ಸಣ್ಣಗೆ ಹೆಚ್ಚಿ, ಕುದಿಸಿ, ಆ ನೀರು ಚೆಲ್ಲಿ, ಉಪ್ಪು ಚಿಟಿಕೆಯೂ ಅಲ್ಲ ಎನ್ನುವಷ್ಟು. ಮೊಮ್ಮಗಳು ಸಪ್ಪೆ ತಿನ್ನುವಾಗ ನನಗೇಕೆ ಉಪ್ಪು ಅಂತ ನಾನೂ ಅದನ್ನೇ ಉಣ್ಣುವ ವ್ರತ ಹಿಡಿದೆ. ಊರಿಗೆಲ್ಲ ಹೇಳಿಕೊಂಡೂ ಬಂದೆ. ವಾರ ತುಂಬುವ ಮೊದಲೇ ಲೀಲಿ ಹಿತ್ತಿಲಲ್ಲಿ ನನ್ನನ್ನು ಹಿಡಿದಳು. "ಅಜ್ಜಿ, ಬಾಯಿ ತಗಿ. ಏನೈತಿ ಒಳಗ?" ಮಾವಿನ ಮಿಡಿ ಇತ್ತು. ಅವಳು ಬಿದ್ದು ಬಿದ್ದು ನಕ್ಕಳು. "ನಂದು ರೋಗ, ನಂದು ಪಥ್ಯ. ನೀ ನನ್ನ ಪಾಲಿಂದೂ ಮಿಡಿ ತಿನ್ನು, ವಾಸನಿಯಾದರೂ ಬರಲಿ." ಅಂದಿನಿಂದ ಅವಳ ಎದುರಿಗೇ ಕೂತು ಚಪ್ಪರಿಸುತ್ತೇನೆ. ಅವಳಿಗೆ ಬೇಕಾದದ್ದು ಅದೇ ಅಂತೆ, ಮನೆ ಮೊದಲಿನ ಹಾಗೇ ಇರಬೇಕು.

ಮೊದಲ ಶಸ್ತ್ರಚಿಕಿತ್ಸೆ ಮಣಿಕಟ್ಟಿನ ಹತ್ತಿರ ಆಯಿತು. ಹೊಲಿಗೆಯ ಪಕ್ಕ ಬೆರಳಿಟ್ಟರೆ ಒಳಗೆ ಗುಂಯ್ ಅನ್ನುತ್ತಿತ್ತು, ಮುಷ್ಟಿಯಲ್ಲಿ ಜೇನುಹುಳು ಹಿಡಿದ ಹಾಗೆ. ಆ ಗುಂಯ್ ಇದ್ದರೆ ರಕ್ತ ಹರಿಯುತ್ತಿದೆ ಅಂತ ಲೆಕ್ಕ, ದಿನಾ ಮುಟ್ಟಿ ನೋಡಿಕೊಳ್ಳಬೇಕು. ಆ ಕೈಗೆ ಬಿಗಿ ಬಳೆ ಇಲ್ಲ, ಕೊಡ ಎತ್ತುವುದಿಲ್ಲ, ಸೂಜಿ ಚುಚ್ಚಿಸಿಕೊಳ್ಳುವುದಿಲ್ಲ. ಬಳೆಗಾರ ಬಂದಾಗ ಬಲಗೈಗೆ ಮಾತ್ರ ಹಸಿರು ಬಳೆ ಇಡಿಸಿಕೊಂಡು, "ಆ ಕೈಗೆ ಒಳಗೇ ಬಳಿ ಅದಾವ ಕಾಕಾ, ಸಪ್ಪಳಾ ಕೇಳ್ರಿ," ಅಂತ ಅವನಿಗೂ ಮುಟ್ಟಿಸಿ ನೋಡಿಸಿದಳು. ಬೆಳಿಗ್ಗೆ ಪೂಜೆಗೆ ಕೂತರೆ ಅವಳ ಅಂಗೈಯ ಪತ್ರಿಯ ತುದಿ ಸಣ್ಣಗೆ ನಡುಗುವುದು ನನಗೆ ಕಾಣುತ್ತಿತ್ತು. ಹೇಳಿದರೆ, "ನಡಗೂದು ಪತ್ರಿ ಅಲ್ಲ, ನಿನ್ನ ಚಾಳೀಸಿನ ಕಣ್ಣು," ಅಂದಳು.

ಒಂದು ಬೆಳಿಗ್ಗೆ ಲೀಲಿ ಪೂಜೆ ಮುಗಿಸಿ, ಲಿಂಗವನ್ನು ಕಟ್ಟಿಕೊಂಡು, ಮೆಲ್ಲಗೆ ನನ್ನ ಹತ್ತಿರ ಬಂದು ಕೂತಳು. "ಅಜ್ಜಿ, ನಿಂತೈತಿ," ಅಂದಳು. ನಾನು ಬೆರಳಿಟ್ಟೆ. ಏನೂ ಇಲ್ಲ. ಬರೀ ಕೈ, ಮೊದಲಿನಂಥ ಕೈ. ಯಾವಾಗ ಗೊತ್ತಾಯಿತೆಂದು ಕೇಳಿದೆ. ಪೂಜೆಗೆ ಕೂರುವ ಮುಂಚೆಯೇ ಗೊತ್ತಾಗಿತ್ತಂತೆ. ಗೊತ್ತಿದ್ದೂ ಪತ್ರಿ ಬೀಳದಂತೆ ಕೂತು ಎದ್ದಿದ್ದಳು.

ಹುಬ್ಬಳ್ಳಿಗೆ ಓಡಿದೆವು. ಯಾರ ತಪ್ಪೂ ಅಲ್ಲ, ನಾಳ ಸಣ್ಣದು, ಹೆಪ್ಪುಗಟ್ಟಿದೆ ಅಂದರು. ಮಗ ಗೋಡೆಗೆ ಮುಖ ಮಾಡಿ ನಿಂತ. ರಕ್ತದ ವರದಿ ಬೇರೆ ಚೆನ್ನಾಗಿರಲಿಲ್ಲ, ಯಂತ್ರ ಹಚ್ಚುವ ದಿನಕ್ಕೆ ಇನ್ನು ಹೆಚ್ಚು ಕಾಲ ಉಳಿದಿಲ್ಲ ಅಂತ ಡಾಕ್ಟರ ಮುಖವೇ ಹೇಳುತ್ತಿತ್ತು. ಲೀಲಿ ನನ್ನ ಕಡೆ ನೋಡಿದಳು. "ಪತ್ರಿ ಬಿತ್ತು ಅಜ್ಜಿ. ಏನ್ ಮಾಡಬೇಕು?"

ಉತ್ತರವನ್ನೂ ಅವಳೇ ಹೇಳಿದಳು. "ಮೊದಲಿಂದ. ಸರ, ಮತ್ತ ಯಾವಾಗ ಬರಲಿ?"

ಎರಡನೆಯದನ್ನು ಅದೇ ಕೈಗೆ, ಮೊಣಕೈಯ ಮಡಿಕೆಯಲ್ಲಿ ಮಾಡಿದರು. ಗಾಯ ಮಾಗಿದ ಮೇಲೆ ಮೆತ್ತನೆಯ ಚೆಂಡನ್ನು ಮುಷ್ಟಿಯಲ್ಲಿ ಹಿಚುಕುತ್ತಿರಬೇಕು, ನಾಳ ಬಲಿಯಲು ಒಳ್ಳೆಯದು ಅಂದರು. ರಬ್ಬರಿನ ಚೆಂಡಿಗಿಂತ ನಮಗೆ ಅನ್ನ ಕೊಟ್ಟ ಹಿಟ್ಟೇ ಮೇಲು ಅಂತ ನನ್ನ ತಲೆಗೆ ಹೊಳೆಯಿತು. ಬಿಸಿನೀರಿನಲ್ಲಿ ಜೋಳದ ಹಿಟ್ಟು ನಾದಿ, ಉಂಡೆ ಕಟ್ಟಿ, ಬಟ್ಟೆ ಸುತ್ತಿ ಕೊಟ್ಟೆ. ಜೋಳದ ಹಿಟ್ಟಿಗೆ ಜಿಗಿ ಎಲ್ಲಿಯದು? ನಾಲ್ಕು ಸಲ ಹಿಚುಕುವಷ್ಟರಲ್ಲಿ ಬಟ್ಟೆಯ ನೇಯ್ಗೆಯಿಂದ ಹಿಟ್ಟು ಹುಳುವಿನ ಹಾಗೆ ಹೊರಬಂತು. ಸಂಜೆಗೆ ಹುಳಿ ವಾಸನೆ, ಬೆಂಚಿನ ಕೆಳಗೆ ಇರುವೆಯ ಸಾಲು. ಲೀಲಿ ಅದನ್ನು ಎರಡು ಬೆರಳಲ್ಲಿ ಎತ್ತಿ, "ಅಜ್ಜಿ, ನಿನ್ನ ಔಷಧಿ ಹಳಸೇತಿ," ಅಂದಳು. ಮಗ ಪೇಟೆಯಿಂದ ಹಳದಿ ಚೆಂಡು ತಂದ.

ಕಾಯಿಲೆಯವರನ್ನು ನೋಡಲು ಬರುವವರು ಎಳನೀರು ತರುವುದು ನಮ್ಮ ಸೀಮೆಯ ಪದ್ಧತಿ. ಬಂದವರೆಲ್ಲ ತಂದರು. ಇವಳಿಗೋ ಅದೇ ವರ್ಜ್ಯ, ಅದರಲ್ಲಿರುವ ಪೊಟ್ಯಾಶಿಯಂ ಎಂಬುದು ಇವಳ ಹೃದಯಕ್ಕೆ ಅಪಾಯ. ಯಲ್ಲಾಪುರದ ಕಡೆಯ ಸಾವಿತ್ರಕ್ಕ, ನಮ್ಮ ಖಾನಾವಳಿಗೆ ಮೊದಲಿನಿಂದ ತುಪ್ಪ ಕೊಡುವವರು, ಚೀಲ ತುಂಬಿಕೊಂಡೇ ಬಂದರು. "ಎಂತಕ್ಕೆ ಕುಡಿತಿಲ್ಲೆ ಕೂಸೆ? ಆನೇ ಎದುರಿಗೆ ನಿಂತು ಕೊಯ್ಸಿದ್ದು." ಅವರ ಹವ್ಯಕ ಮಾತಿನಲ್ಲಿ ಆನು ಅಂದರೆ ನಾನು. ಲೀಲಿ ಅವರ ಮನಸ್ಸು ನೋಯಿಸಲಿಲ್ಲ. ಎದ್ದು ಒಂದು ಎಳನೀರು ಕೆತ್ತಿಸಿ ಅವರ ಕೈಗೇ ಕೊಟ್ಟು, "ಸಾವಿತ್ರಕ್ಕ, ನೀವು ಕುಡೀರಿ, ನಾ ನೋಡ್ತೀನಿ. ನನಗ ಈಗ ನೋಡೋದರಾಗ ರುಚಿ ಸಿಗತೈತಿ," ಅಂದಳು. ಸಾವಿತ್ರಕ್ಕ ಕುಡಿಯುತ್ತ ಕಣ್ಣು ಒರೆಸಿಕೊಂಡರು. ಹೋಗುವಾಗ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು, ಚಂದಗುಳಿಯ ಗಣಪತಿಗೆ ಇವಳ ಹೆಸರಲ್ಲಿ ಗಂಟೆ ಕಟ್ಟುವ ಹರಕೆ ಹೇಳಿಕೊಂಡಿದ್ದಾರಂತೆ. ಉಳಿದ ಎಳನೀರು ಗಿರಾಕಿಗಳ ಪಾಲಾಯಿತು. ಊಟದ ಜೊತೆ ಎಳನೀರು ಪುಕ್ಕಟೆ ಅಂತ ಸುದ್ದಿ ಹಬ್ಬಿ, ಮಗ ಬೆಪ್ಪಾದ.

ಇಷ್ಟರ ನಡುವೆ ಆ ಹುಡುಗಿ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಳು. ದಣಿದರೆ ಕೂರುತ್ತಿದ್ದಳು, ಕೂತಲ್ಲೇ ಚೆಂಡು ಹಿಚುಕುತ್ತಿದ್ದಳು. ಮುಂದೆ ತಾಯಿಯ ಒಂದು ಮೂತ್ರಪಿಂಡ ಹೊಂದಿದರೆ ಹಾಕಿಸಬಹುದೆಂದು ತಪಾಸಣೆ ನಡೆದಿದೆ, ಅದರ ತೀರ್ಮಾನ ಇನ್ನೂ ದೂರ. ಅದನ್ನೂ ಅವಳು ಅವಸರ ಮಾಡಿ ಕೇಳುವುದಿಲ್ಲ. ನಾನಾಗಿದ್ದರೆ ದೇವರನ್ನೂ ಡಾಕ್ಟರನ್ನೂ ಒಂದೇ ಉಸಿರಿನಲ್ಲಿ ಬೈದು ಮುಗಿಸುತ್ತಿದ್ದೆ.

ನಿನ್ನೆ ಹುಬ್ಬಳ್ಳಿಯಲ್ಲಿ ಡಾಕ್ಟರು ಅವಳ ತೋಳನ್ನು ಬೆರಳಿಂದ ಒತ್ತಿ ನೋಡಿದರು, ಸ್ಕ್ಯಾನು ನೋಡಿದರು, ಆಮೇಲೆ ಕೊಳವೆ ಇಟ್ಟು ಕೇಳಿದರು. ಬಹಳ ಹೊತ್ತು ಕೇಳಿದರು. ಅವರು ತಮ್ಮ ಕಿವಿಯದನ್ನು ತೆಗೆದು ನನ್ನ ಕಿವಿಗೆ ಸಿಕ್ಕಿಸಿದರು. ಅಬ್ಬಾ! ಮಳೆಗಾಲದಲ್ಲಿ ಮೋರಿಯ ಕೆಳಗೆ ನೀರು ನುಗ್ಗುವ ಹಾಗೆ ಘರ್ರ್, ಘರ್ರ್.

"ಬಲಿತಿದೆ ಅಜ್ಜಿ. ಕೈ ತಯಾರು. ಯಂತ್ರ ಯಾವತ್ತು ಬೇಕಾದರೂ ಬೇಕಾಗಲಿ, ಕುತ್ತಿಗೆಗೆ ನಳಿಗೆ ಬೇಡ."

ನಾನು ಕೂಗಿದ ಕೂಗಿಗೆ ಹೊರಗಿನ ನರ್ಸು ಬಾಗಿಲು ತೆಗೆದು ನೋಡಿದಳು. ಕಾಯಿಲೆ ಹೋಗಿಲ್ಲ, ನನಗೆ ಗೊತ್ತು. ಇನ್ನು ಕೆಲವೇ ವಾರಗಳಲ್ಲಿ ಶಿರಸಿಯಲ್ಲಿ ಯಂತ್ರ ಹಚ್ಚಬೇಕಾಗಬಹುದು ಅಂದಿದ್ದಾರೆ. ಹಚ್ಚಲಿ. ಆ ಓಟದಲ್ಲಿ ನನ್ನ ಮೊಮ್ಮಗಳು ಮೊದಲು ಗುರಿ ಮುಟ್ಟಿದಳು, ನಾನು ಕೂಗಿದ್ದು ಅದಕ್ಕೆ.

ಇವತ್ತು ಬೆಳಿಗ್ಗೆ ಇಬ್ಬರೂ ಎದುರುಬದುರು ಪೂಜೆಗೆ ಕೂತಿದ್ದೆವು. ಅವಳ ಎಡಗೈ, ತೋಳಿನಲ್ಲಿ ಹಗ್ಗದಷ್ಟು ದಪ್ಪ ನಾಳ ಉಬ್ಬಿ ನಿಂತ ಆ ಕೈ, ಲಿಂಗವನ್ನು ಹೊತ್ತುಕೊಂಡು ಅಲುಗದೆ ನಿಂತಿತ್ತು. ಅದನ್ನು ನೋಡುತ್ತ ನೋಡುತ್ತ ನನ್ನ ಕಣ್ಣು ನನ್ನ ಅಂಗೈಯಲ್ಲಿ ನಿಲ್ಲಲಿಲ್ಲ. ಪತ್ರಿ ಜಾರಿತು. ಯಾರೂ ನೋಡಲಿಲ್ಲ ಅಂತ ಮೆಲ್ಲಗೆ ಎತ್ತಿ ಇಡಲು ಹೋದೆ.

"ಅಜ್ಜಿ," ಅಂದಳು ಲೀಲಿ, ಕಣ್ಣು ಎತ್ತದೆ. "ಬಿತ್ತು. ಮೊದಲಿಂದ."

ಮತ್ತೆ ನೀರೆರೆದು, ಮತ್ತೆ ವಿಭೂತಿ ಹಚ್ಚಿ, ಮೊದಲಿನಿಂದ ಕೂತೆ.