ಅಕ್ಕೋರ ಕಾಲಿನ ಮೇಲಿನ ಆರೋಪ

“ಹೆಂಗಸರ ಕಾಲಿಗೂ ಕ್ಲಚ್ಚಿಗೂ ಆಗಿ ಬರೂದಿಲ್ಲ. ಅಕ್ಕೋರು ಪೆಡಲ್ ಪೂರ್ತಿ ತುಳಿಯಂಗಿಲ್ಲ, ಅದಕ್ಕ ಗೇರ್ ಒದರತಾವ.”

ಮಾಳಮಡ್ಡಿಯ ನಮ್ಮ ಓಣಿಯಲ್ಲಿ ಈ ಮಾತು ಇಂದಿಗೂ ಚಲಾವಣೆಯಲ್ಲಿದೆ. ಅಕ್ಕೋರು ಎಂದರೆ ನನ್ನ ಹೆಂಡತಿ. ಆಯುಷ್ಯವೆಲ್ಲ ಶಾಲೆಯಲ್ಲಿ ಗಣಿತ ಕಲಿಸಿದವಳು. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಲಕಮನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥು ಯಂತ್ರದ ಮುಂದೆ ನಿಂತವನು. ಉಳಿದ ವಿದ್ಯೆಯನ್ನೆಲ್ಲ ನಿಘಂಟು ಪಕ್ಕಕ್ಕಿಟ್ಟುಕೊಂಡು ನಾನೇ ಓದಿಕೊಂಡೆ. ಹೀಗಾಗಿ ಯಾರೋ ಹೇಳಿದರೆಂಬ ಒಂದೇ ಕಾರಣಕ್ಕೆ ಯಾವುದನ್ನೂ ಒಪ್ಪುವ ಅಭ್ಯಾಸ ನನಗಿಲ್ಲ. ಆದರೂ ಈ ಮಾತನ್ನು ಒಂದು ಸಂಜೆ ನಾನೂ ಒಪ್ಪಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ನಿವೃತ್ತಿಯ ನಂತರ ಅವಳು ತನಗೆಂದು ಕೊಂಡದ್ದು ಒಂದೇ ವಸ್ತು: ಬೇರೊಬ್ಬರು ಓಡಿಸಿ ಬಿಟ್ಟ, ಟರ್ಬೊ ಎಂಜಿನ್ನಿನ, ವೇಗಕ್ಕೆಂದೇ ಕಟ್ಟಿದ ಕೆಂಪು ಗಿಡ್ಡ ಕಾರು. ಹಿಂದಿನ ಮಾಲೀಕರ ಕೈಯಲ್ಲಿಯೇ ಅದರ ಕ್ಲಚ್ ಪ್ಲೇಟು ಸವೆದಿತ್ತು. ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಹೊಸ ಪ್ಲೇಟು ಹಾಕಿಸಿದೆವು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕೂಡುವ ದುಂಡು ತಟ್ಟೆಯದು. ಪೆಡಲ್ ತುಳಿದಾಗ ಅದು ಎಂಜಿನ್ನಿನ ಹಿಡಿತದಿಂದ ಬಿಡಿಸಿಕೊಳ್ಳಬೇಕು. ಕಾರು ಮನೆಗೆ ಬಂದ ದಿನವೇ ಗೇರುಗಳು ಅರಚಲಾರಂಭಿಸಿದವು. ಸಿಗ್ನಲಿನಲ್ಲಿ ಪೆಡಲ್ ಒತ್ತಿಯೇ ನಿಂತಿದ್ದರೂ ಕಾರು ಮೆಲ್ಲಗೆ ಮುಂದಕ್ಕೆ ಸರಿಯುತ್ತಿತ್ತು.

ಎರಡು-ಮೂರು ವಾರ ಹಾಗೆಯೇ ಓಡಿಸಿ, ತಿರುಗಿ ಒಯ್ದೆವು. ಅಲ್ಲಿಯ ಸೂಪರ್‌ವೈಸರ್ ಕಾರಿನ ಕೆಳಗೆ ಬಗ್ಗಿ ಸಹ ನೋಡಲಿಲ್ಲ. “ಮೇಡಂರ, ಸೀಟ್ ಮುಂದ ತಗೋರಿ, ಬೆನ್ನಿಗೊಂದು ಲೋಡ-ದಿಂಬು ಇಟ್ಕೋರಿ. ಕಾಲು ಮುಟ್ಟವಲ್ದು ನಿಮ್ಮದು,” ಎಂದು ಒಂದು ಚೀಟಿ ಬರೆದುಕೊಟ್ಟ: ‘ವಾಹನದಲ್ಲಿ ದೋಷವಿಲ್ಲ. ಚಾಲಕರ ರೂಢಿ ಸರಿಯಿಲ್ಲ.’

ಎದುರುಮನೆಯ ನಿವೃತ್ತ ಕಾರಕೂನರಿಗೆ ಆ ಚೀಟಿಯೇ ವೇದವಾಯಿತು. “ಕಾಕಾ, ಬರದು ಕೊಟ್ಟಾರಂದ ಮ್ಯಾಲೆ ಮುಗೀತಲ್ರಿ. ದಿನಾ ಅದನ್ನ ಮಾಡೋ ಮಂದಿ ಅವರು. ನಿಮಗ ಅವರಕಿಂತ ಹೆಚ್ಚಿಗಿ ತಿಳೀತದೇನು?”

ಆ ಸಂಜೆ ನಾನೂ ಅವಳಿಗೆ, “ಜರಾ ಜೋರ್ಲೆ ತುಳಿದು ನೋಡು,” ಎಂದೆ.

“ನೀವೂ?” ಎಂದಳು. ಒಳಗಿನಿಂದ ಕೀಲಿಕೈ ತಂದು ನನ್ನ ಮುಂದಿಟ್ಟು, “ಕಾರು ಯಾರಿಗರೆ ಕೊಟ್ಟುಬಿಡೂಣು. ನನ್ನ ಕಾಲಿನ ಮ್ಯಾಲೆ ನನಗ ನಂಬಿಕಿ ಹೋಗ್ಯದ,” ಎಂದಳು.

ಒಂದು ಪ್ರಮೇಯವನ್ನು ಮಕ್ಕಳು ಸಾಧಿಸಿ ತೋರಿಸುವ ತನಕ ಒಪ್ಪದ ಹೆಂಗಸು, ಯಾರೂ ಸಾಧಿಸಿ ತೋರಿಸದ ಒಂದು ಮಾತಿಗೆ ತಲೆಬಾಗಿದ್ದಳು. ನನಗೆ ಸಿಟ್ಟು ಬಂದದ್ದು ಆಗ. ಮೊದಲು ನನ್ನ ಮೇಲೆ, ಆಮೇಲೆ ಉಳಿದವರ ಮೇಲೆ. ಇದೇ ಕಾಲಿನಿಂದ ಅವಳು ಹಳೆಯ ಕಾರನ್ನು ಹದಿನೆಂಟು ವರ್ಷ ಓಡಿಸಿದ್ದಳು. ಅದರ ಗೇರು ಒಮ್ಮೆಯೂ ಅರಚಿರಲಿಲ್ಲ. ಹಾಗಾದರೆ ಈಗ ಮಾತ್ರ ಯಾಕೆ ಎಂಬ ಸಾದಾ ಪ್ರಶ್ನೆಯನ್ನು ವರ್ಕ್‌ಶಾಪಿನವರು ಕೇಳಲಿಲ್ಲ, ಓಣಿ ಕೇಳಲಿಲ್ಲ, ನಾನೂ ಕೇಳಿರಲಿಲ್ಲ.

ಮರುದಿನ ಬಿದಿರಿನ ಕೋಲೊಂದನ್ನು ಅಳತೆಗೆ ಕತ್ತರಿಸಿ, ಸೀಟಿಗೂ ಪೆಡಲಿಗೂ ನಡುವೆ ಜಡಿದೆ. ಪೆಡಲ್ ನೆಲ ಕಚ್ಚಿತು. ಎಂಜಿನ್ ಚಾಲೂ ಮಾಡಿ ರಿವರ್ಸ್ ಗೇರ್ ಹಾಕಿದರೆ ಅದೇ ಅರಚಾಟ. ಕಾರಕೂನರನ್ನು ಕರೆದು ತೋರಿಸಿದೆ. ಅವರು ಕೇಳಿಸಿಕೊಂಡು, ತುಸು ಯೋಚಿಸಿ, “ಕೋಲು ಬ್ಯಾರೆ, ಕಾಲು ಬ್ಯಾರೆರಿ ಕಾಕಾ,” ಎಂದು ಮನೆಗೆ ಹೋದರು.

ಇಂಥವರೊಡನೆ ವಾದ ವ್ಯರ್ಥ. ಬಿಚ್ಚಿಯೇ ತೋರಿಸಬೇಕೆಂದು ನಿಶ್ಚಯಿಸಿದೆ. ಆ ಕಾರಿನ ದುರಸ್ತಿಯ ಪುಸ್ತಕವನ್ನು ಮೂರು ಸಲ ಓದಿದೆ. ಹಳೇ ಹುಬ್ಬಳ್ಳಿಯಿಂದ ನನ್ನ ಹಳೆಯ ಗೆಳೆಯನನ್ನು ಕರೆಸಿದೆ. ಆತ ಲಾರಿಗಳ ಮಿಸ್ತ್ರಿ, ಈಗ ಮೊಣಕಾಲು ನೋವಿನಿಂದ ಕೆಲಸ ಬಿಟ್ಟವನು. ಅಂಗಳದಲ್ಲಿ ಕಾರನ್ನು ಎತ್ತಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದೆವು. ಬಾನೆಟ್ಟಿನ ಎರಡೂ ಅಂಚಿಗೆ ಅಡ್ಡಲಾಗಿ ತೊಲೆಯಿಟ್ಟು, ಸರಪಳಿಯಿಂದ ಎಂಜಿನ್ನನ್ನು ಅದಕ್ಕೆ ತೂಗುಬಿಟ್ಟೆವು. ಎರಡು ದಿನ ಬೋಲ್ಟು ಬಿಚ್ಚುವುದರಲ್ಲಿಯೇ ಹೋಯಿತು. ಮೂರನೆಯ ದಿನ ಮಧ್ಯಾಹ್ನ ಗೇರ್‌ಬಾಕ್ಸನ್ನು ಜ್ಯಾಕಿನ ಮೇಲೆ ಇಳಿಸಿ, ಅಲ್ಲಿಂದ ಹಳೆಯ ಗಾದಿಯ ಮೇಲೆ ಮಲಗಿಸಿದೆವು.

“ಮಾವನ ಮನ್ಯಾಗ ನನಗೂ ಇಷ್ಟು ಮೆತ್ತಗ ಯಾರೂ ಹಾಸಿ ಕೊಟ್ಟಿದ್ದಿಲ್ಲ,” ಎಂದ ಗೆಳೆಯ.

ಕ್ಲಚ್ಚಿನ ಹೊರಗಿನ ಮುಚ್ಚಳ ಬಿಚ್ಚಿ ಪ್ಲೇಟನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದ.

“ದೋಸ್ತ, ಇದನ್ನ ಯಾವಾಂವ ಹಾಕಿದ್ದ?”

“ಯಾಕ?”

“ಅಂಗಿ ಉಲ್ಟಾ ಹಾಕ್ಕೊಂಡಂಗ ಕುಂತೈತಿ ನೋಡು.”

ಪ್ಲೇಟಿಗೆ ಎರಡು ಮೈ. ಯಾವ ಮೈ ಎಂಜಿನ್ನಿನ ಜೊತೆ ತಿರುಗುವ ಭಾರದ ಗಾಲಿ, ಅಂದರೆ ಫ್ಲೈವೀಲಿನ ಕಡೆಗಿರಬೇಕೆಂದು ತಯಾರಿಸಿದವರು ಅದರ ಮೇಲೆಯೇ ಅಚ್ಚೊತ್ತಿರುತ್ತಾರೆ. ಆ ಅಚ್ಚು ಗೇರ್‌ಬಾಕ್ಸಿಗೆ ಮುಖಮಾಡಿ ಕುಳಿತಿತ್ತು. ಸ್ಪ್ರಿಂಗುಗಳಿರುವ ಉಬ್ಬಿದ ನಡುಭಾಗ ಫ್ಲೈವೀಲಿನ ಬೋಲ್ಟುಗಳಿಗೆ ಹೋಗಿ ತಾಗುತ್ತಿತ್ತು. ಆನೆಯೇ ಪೆಡಲ್ ತುಳಿದರೂ ಆ ಪ್ಲೇಟು ಬಿಡಿಸಿಕೊಳ್ಳುತ್ತಿರಲಿಲ್ಲ. ಓದಲು ಬರುವ ಯಾವ ಮಿಸ್ತ್ರಿಯೂ ಮಾಡಬಾರದ ತಪ್ಪು. ಅದನ್ನು ಮುಚ್ಚಲು ಒಬ್ಬ ಹೆಂಗಸಿನ ಕಾಲು ಸಾಕಾಯಿತು!

ನಾನು ಹೆಂಡತಿಯನ್ನು ಕರೆದೆ. ಅವಳು ಚಾಳೀಸು ಹಾಕಿಕೊಂಡು ಕುಕ್ಕುರುಗಾಲಿನಲ್ಲಿ ಕುಳಿತು ಬಹಳ ಹೊತ್ತು ನೋಡಿದಳು. ಗೆಳೆಯ ಎಣ್ಣೆಯ ಬಟ್ಟೆಯಿಂದ ಪ್ಲೇಟನ್ನು ಒರೆಸಲು ಹೋದ.

“ನಿಲ್ಲರಿ. ಒರಸಬ್ಯಾಡ್ರಿ,” ಎಂದು ಒಳಗೆ ಹೋಗಿ ಗ್ರಾಫ್ ಕಾಗದ, ಪೆನ್ಸಿಲ್, ಕೈವಾರ ತಂದಳು. ಫ್ಲೈವೀಲಿನ ಮೇಲೆ ಕಾಗದವಿಟ್ಟು ಪೆನ್ಸಿಲ್ಲಿನಿಂದ ಮೆಲ್ಲಗೆ ಉಜ್ಜಿದಳು. ಬೋಲ್ಟುಗಳ ತಲೆಗಳು ವರ್ತುಲಾಕಾರವಾಗಿ ಕಾಗದದ ಮೇಲೆ ಮೂಡಿದವು. ಪ್ಲೇಟಿನ ಉಬ್ಬಿನ ಮೇಲೆ ಉಜ್ಜಿ ಉಜ್ಜಿ ಕೊರೆದುಹೋಗಿದ್ದ ಹೊಳೆಯುವ ಬಳೆಯನ್ನೂ ಇನ್ನೊಂದು ಕಾಗದಕ್ಕೆ ಇಳಿಸಿದಳು. ಎರಡರ ಮೇಲೂ ಕೈವಾರವಿಟ್ಟಳು.

“ಎರಡರದೂ ತ್ರಿಜ್ಯಾ ಒಂದ ಅದ,” ಎಂದಳು. ಧ್ವನಿಯಲ್ಲಿ ಹಿಗ್ಗಿರಲಿಲ್ಲ; ಉತ್ತರಪತ್ರಿಕೆ ತಿದ್ದುವ ಧ್ವನಿ ಅದು.

ಪೇಟೆಯಿಂದ ಇನ್ನೊಂದು ಹೊಸ ಪ್ಲೇಟು ತಂದೆವು; ಅದನ್ನು ನಟ್ಟನಡುವೆ ಕೂಡಿಸಲು ಬೇಕಾದ ಸಾಧನ ನಮ್ಮಲ್ಲಿರಲಿಲ್ಲ. ಲಟ್ಟಣಿಗೆಯ ಹಿಡಿಕೆಗೆ ಅಳತೆ ಕೂಡುವವರೆಗೆ ಕಾಗದ ಸುತ್ತಿ, ಅದನ್ನೇ ತೂರಿಸಿ ಕೂಡಿಸಿದೆವು. “ಚಪಾತಿ ವಾಸನಿಗೆ ಗೇರ್ ಮೆತ್ತಗ ಬೀಳತಾವ ಅಕ್ಕಾರ,” ಎಂದ ಗೆಳೆಯ. ಆರನೆಯ ದಿನ ಬೆಳಿಗ್ಗೆ ಕಾರು ನೆಲಕ್ಕಿಳಿಯಿತು. ನಾನು ಪರೀಕ್ಷಿಸಲು ಹೋಗಲಿಲ್ಲ. ಕೀಲಿಕೈ ಅವಳ ಕೈಗೇ ಕೊಟ್ಟೆ. ಸೀಟನ್ನು ಹಿಂದಿನ ಜಾಗಕ್ಕೆ ಸರಿಸಿಕೊಂಡು, ರಿವರ್ಸಿನಲ್ಲಿ ಗೇಟು ದಾಟಿದಳು. ಸದ್ದೇ ಇಲ್ಲ. ಒಂದು ತಾಸು ಬರಲಿಲ್ಲ.

ಪ್ಲೇಟನ್ನು ವರ್ಕ್‌ಶಾಪಿಗೆ ಒಯ್ದು ತೋರಿಸಿದೆ. ಸೂಪರ್‌ವೈಸರ್ ದೂರದಿಂದಲೇ ನೋಡಿ, “ಅಜ್ಜಾರ, ನೀವ ಬಿಚ್ಚೀರಿ, ನೀವ ಉಲ್ಟಾ ಹಾಕಿರಬೇಕು,” ಎಂದ. ಈಗ ಕಾರಕೂನರು ಇದನ್ನೂ ಸೇರಿಸಿಕೊಂಡು ಹೇಳುತ್ತಾರೆ. ಒಂದು ಸುಳ್ಳು ಬಿದ್ದ ಕೂಡಲೇ ಅದರ ಜಾಗದಲ್ಲಿ ಇನ್ನೊಂದನ್ನು ನಿಲ್ಲಿಸುವ ಈ ಉತ್ಸಾಹ, ಒಮ್ಮೆ ಬಗ್ಗಿ ನೋಡುವುದರಲ್ಲಿ ಇದ್ದಿದ್ದರೆ ನಾನಿದನ್ನು ಬರೆಯಬೇಕಾಗಿರಲಿಲ್ಲ.

ಉಕ್ಕಿನಲ್ಲಿ ಅಂಥ ಬಳೆ ಒಂದು ಮಧ್ಯಾಹ್ನದಲ್ಲಿ ಮೂಡುವುದಿಲ್ಲ. ವಾರಗಟ್ಟಲೆ ತಿರುಗಿದ ಬೋಲ್ಟುಗಳು ಕೊರೆದದ್ದು ಅದು. ಪ್ಲೇಟನ್ನು ನಾನು ತೊಳೆದಿಲ್ಲ. ಎರಡೂ ಗ್ರಾಫ್ ಕಾಗದಗಳು ಮತ್ತು ಸೂಪರ್‌ವೈಸರನ ಚೀಟಿಯ ಜೊತೆಗೆ ಪಡಸಾಲೆಯ ಕಪಾಟಿನಲ್ಲಿದೆ. ಸಂಶಯವಿದ್ದವರು ತಮ್ಮದೇ ಕೈವಾರ ತಂದು ಅಳೆಯಬಹುದು. ಬೆಳಗಿನ ಹೊತ್ತು ಬಂದರೆ ನಾನು ತೋರಿಸುತ್ತೇನೆ. ಆಗ ಅವಳು ಬೈಪಾಸಿನ ಮೇಲಿರುತ್ತಾಳೆ.