ದೀಪಾವಳಿಗೊಮ್ಮೆ ಗೀಸರ್

ಇವತ್ತು ಹಾಲು ಕಾಯಿಸಿದೆ, ಜೋಳ ಬೀಸಿಸಿ ತಂದೆ, ಹಾಸಿಗೆ ಬಿಸಿಲಿಗೆ ಹಾಕಿದೆ, ಗ್ಯಾಸ್ ಗೀಸರಿನ ಸಲುವಾಗಿ ಯಜಮಾನರೊಂದಿಗೆ ಮೂರು ಸಲ ವಾದಿಸಿದೆ.

ನಮ್ಮಲ್ಲಿ ಅದರ ಸರ್ವಿಸ್ ದೀಪಾವಳಿಗೊಮ್ಮೆ ಮಾತ್ರ, ಮನೆಗೆ ಸುಣ್ಣ ಹಚ್ಚಿದಂತೆ. ನಿನ್ನೆ ಸ್ನಾನಕ್ಕೆ ಹೋದ ಅತ್ತೆ ತಲೆ ಸುತ್ತಿ, ಗೋಡೆ ಹಿಡಿದು ಹೊರಬಂದರು. ನೀಲಿ ಇರಬೇಕಾದ ಗೀಸರಿನ ಉರಿ ಹಳದಿಯಾಗಿತ್ತು.

ನಿಪ್ಪಾಣಿಯಿಂದ ಬಂದ ಮೆಕ್ಯಾನಿಕ್ ಒಳಗಿನ ಮಸಿ ತೋರಿಸಿದ. "ಆರು ತಿಂಗಳಿಗೊಮ್ಮೆ ಮಾಡಸ್ರಿ ಅಕ್ಕಾರ. ಉರಿ ಹಳದಿ ಆದ್ರ ವಿಷಗಾಳಿ ಬರತೈತಿ, ಅವತ್ತ ಬಂದ್ ಮಾಡ್ರಿ. ಬಚ್ಚಲದ ಕಿಡಕಿ ಮುಚ್ಚಬ್ಯಾಡ್ರಿ."

"ದೀಪಾವಳಿಗೆ ಮಾಡಿಸೇವಲ್ಲ?" ಎಂದರು ಯಜಮಾನರು.

"ದೀಪಾವಳಿ ನಮಗ್ರಿ, ಅದಕ್ಕೇನ ಗೊತ್ತ? ಅತ್ತಿಯಾರು ಒಳಗ ಬಿದ್ದಿದ್ರ?" ಎಂದೆ.

ಅತ್ತೆಯೇ ಮಗನಿಗೆ ತೀರ್ಮಾನ ಹೇಳಿದರು: "ಯುಗಾದಿಗೂ ಒಮ್ಮೆ ಮಾಡಸೋ ಯಪ್ಪಾ. ಹಬ್ಬ ಬರೂತನಕ ನಿನಗ ಏನೂ ನೆನಪಾಗಂಗಿಲ್ಲ."

ರೊಟ್ಟಿ, ಝುಣಕಾ ಉಂಡೆವು. ಯಜಮಾನರೇ ಮೊದಲು ನಿದ್ದೆ ಹೋದರು.