ಹಲಗೆ ನೆಲಕ್ಕೆ ಎಂಟು ತಟ್ಟು ಕೊಟ್ಟ ಬೆಸುಗೆ ಅತ್ತಿಗೆ

ಬೆಳಗಿನ ಐದೂವರೆ. ಹೊಲಿಗೆ ಅಂಗಡಿಯ ಹಿಂದಿನ ಕಿರುಕೋಣೆಯಲ್ಲಿ ಮೇಜಿನ ದೀಪವೊಂದೇ ಎಚ್ಚರವಾಗಿದೆ. ಐವತ್ತೆಂಟರ ಹೆಂಗಸೊಬ್ಬರು ಕನ್ನಡಕದ ಮೇಲೆ ಭೂತಗನ್ನಡಿ ಏರಿಸಿಕೊಂಡು, ಬಿಸ್ಕತ್ತಿನ ಡಬ್ಬಿಯಷ್ಟಿರುವ ಪೆಟ್ಟಿಗೆಯೊಂದರ ಹೊಟ್ಟೆಯೊಳಗೆ ಇಣುಕುತ್ತಿದ್ದಾರೆ. ಅದರ ನೆತ್ತಿಯ ಮೇಲೆ ಎಂಟು ತಿರುಗಣೆ, ಎಂಟು ಸ್ವಿಚ್ಚು. ಎರಡು ದಿನದಿಂದ ಅದು ಇವರ ಮಾತು ಕೇಳುತ್ತಿಲ್ಲ.

“ಅತ್ತಿಗೆ, ಹತ್ತಕ್ಕೆ ಬಂದುಬಿಡ್ತಾರೆ ಅವರು,” ಎನ್ನುತ್ತಾರೆ ಬಾಗಿಲಲ್ಲಿ ನಿಂತ ನಾದಿನಿ.

“ಹತ್ತಕ್ಕೆ ಬರೋರಿಗೆ ಈಗಲೇ ಯಾಕೆ ಎದೆ ಬಡ್ಕೋತೀಯ? ಕೂತ್ಕೋ. ಕಾಲು ಮಾತ್ರ ಅಲ್ಲಾಡಿಸ್ಬೇಡ, ಮೇಜು ನಡುಗುತ್ತೆ.”

ನಾದಿನಿ ಕಿವಿ ಕೇಳಿಸದ ಮಕ್ಕಳ ಶಾಲೆಯಲ್ಲಿ ಕುಣಿತ ಕಲಿಸುತ್ತಾರೆ. ಅಲ್ಲಿ ಹಲಗೆ ನೆಲದ ಒಂದು ಕೋಣೆ, ಹಲಗೆಯಡಿ ದೊಡ್ಡ ಸ್ಪೀಕರ್. ಮಕ್ಕಳು ತಾಳವನ್ನು ಅಂಗಾಲಿನಿಂದ ಎಣಿಸುತ್ತಾರೆ. ಆ ತಟ್ಟುಗಳನ್ನು ಒಂದಾದ ಮೇಲೊಂದು ಕಳಿಸುವುದು ಈ ಪೆಟ್ಟಿಗೆ, ಅಂದರೆ ಸೀಕ್ವೆನ್ಸರ್. ಪ್ರತಿ ತಟ್ಟಿಗೂ ಒಂದು ಸ್ವಿಚ್ಚು, ಅದರ ಸ್ವರಕ್ಕೆ ಒಂದು ತಿರುಗಣೆ. ಸರ್ಕ್ಯೂಟಿನ ನಕ್ಷೆ ನೋಡಿಕೊಂಡು ನಾದಿನಿಯೇ ಜೋಡಿಸಿದ್ದು. ಹೊಸ ಕುಣಿತ ಶುರುವಾದಾಗಿನಿಂದ ಮಕ್ಕಳು ಹೆಜ್ಜೆ ತಪ್ಪುತ್ತಿದ್ದಾರೆ. ಇಂದು ಆಡಳಿತ ಮಂಡಳಿ ನೋಡಲು ಬರುತ್ತದೆ. ಹಿಡಿಸದಿದ್ದರೆ ಆ ಕೋಣೆ ಮುರುಕು ಬೆಂಚುಗಳ ಉಗ್ರಾಣವಾಗುತ್ತದೆ.

ನಾದಿನಿ ಕರೆದದ್ದನ್ನೇ ಬೀದಿಯೂ ಕಲಿತು, ಇವರೀಗ ಎಲ್ಲರಿಗೂ ‘ಬೆಸುಗೆ ಅತ್ತಿಗೆ’. ಹದಿನೆಂಟಕ್ಕೆ ರೇಡಿಯೊ ಕಾರ್ಖಾನೆಯಲ್ಲಿ ಡಬ್ಬ ಕಟ್ಟುವ ಕೆಲಸಕ್ಕೆ ಸೇರಿದವರು, ಊಟದ ಬಿಡುವಿನಲ್ಲಿ ಬೆಸುಗೆಯವರ ಮೇಜಿನ ಪಕ್ಕ ನಿಂತು ನೋಡಿ ನೋಡಿಯೇ ಕಲಿತರು. ಕಾರ್ಖಾನೆ ಮುಚ್ಚಿತು, ಕೈ ಮಾತ್ರ ಮರೆಯಲಿಲ್ಲ. ಎಡ ಹೆಬ್ಬೆರಳಿಗೆ ಕಾವಿನ ಅರಿವಿಲ್ಲ, ಬಲಗಣ್ಣಿಗೆ ಪೊರೆ. ಆದರೂ ದಿನಕ್ಕೆ ಆರೇಳು ರಿಪೇರಿ ತಪ್ಪುವುದಿಲ್ಲ.

“ಓದಿದೋರು ನಕ್ಷೆ ನೋಡ್ತಾರೆ. ನಾನು ಮುಖ ನೋಡ್ತೀನಿ. ಹುಷಾರಿಲ್ಲದ ಯಂತ್ರದ ಮುಖ ಬಾಡಿರುತ್ತೆ,” ಎನ್ನುವುದು ಅವರ ಶಾಸ್ತ್ರ. ಈ ಪೆಟ್ಟಿಗೆಯ ಮುಖ ಮಾತ್ರ ಲಕಲಕ ಹೊಳೆಯುತ್ತಿದೆ.

ಅದರೊಳಗೊಂದು ಬಾಗಿಲಿದೆ ಎಂದುಕೊಳ್ಳಿ. ಕಸುಬಿನವರ ಮಾತಲ್ಲಿ ಗೇಟ್. ಅದು ತೆರೆದರೆ ಸದ್ದು ಏಳುತ್ತದೆ, ಮುಚ್ಚಿದರೆ ಇಳಿಯುತ್ತದೆ. ಆ ಏರಿಳಿತಕ್ಕೆ ಆಕಾರ ಕೊಡುವ ಭಾಗ ಎನ್ವಲಪ್. ಕಸುಬಿನ ರೂಢಿಯಂತೆ ಅತ್ತಿಗೆ ಸ್ವಿಚ್ಚುಗಳನ್ನು ಒಂದು ಬಿಟ್ಟು ಒಂದು ಹಾಕಿ ಪರೀಕ್ಷಿಸಿದ್ದರು. ಹಾಗೆ ಮಾಡಿದರೆ ಪ್ರತಿ ತಟ್ಟೂ ಬೇರೆ ಬೇರೆಯಾಗಿ ಕೇಳುತ್ತದೆ. ಎಲ್ಲ ಸರಿಯಿತ್ತು. ಆದರೂ ಸದ್ದು ಇಳಿಯಲು ತಡವಾಗುತ್ತಿರಬೇಕೆಂದು ಎನ್ವಲಪ್ಪಿನ ಮೇಲೆ ಗುಮಾನಿಪಟ್ಟು ಅದರಲ್ಲಿ ವಿದ್ಯುತ್ ತುಂಬಿಕೊಂಡು ಬಿಡುವ ಕೆಪಾಸಿಟರನ್ನು ಎರಡು ಸಲ ಬದಲಿಸಿದರು. ಎರಡು ದಿನ ಹೋಯಿತು.

“ಹೊಸ ಕುಣಿತಕ್ಕೆ ಎಷ್ಟು ತಟ್ಟು ಬೇಕೇ?”

“ಎಂಟೂ. ಹಳೇದಕ್ಕೆ ಒಂದು ಬಿಟ್ಟು ಒಂದು, ನಾಲ್ಕೇ ಇತ್ತು. ಹೇಳ್ಲಿಲ್ವಾ?”

“ಹೇಳಿದ್ದೀಯ, ಕನಸಲ್ಲಿ!”

ಅತ್ತಿಗೆ ಎಂಟೂ ಸ್ವಿಚ್ಚು ಹಾಕುತ್ತಾರೆ. ಕಿವಿಗೆ ಎಂಟು ಸ್ವರ ಕೇಳುತ್ತದೆ. “ಸರಿಯಾಗೇ ಇದೆಯಲ್ಲ!” ಎಂದು ನಾದಿನಿ ಹಿಗ್ಗುತ್ತಾರೆ. ಅತ್ತಿಗೆ ಅವರ ಕೈ ಎಳೆದು ಮೇಜಿನ ಮೇಲಿನ ಸ್ಪೀಕರಿಗೆ ಒತ್ತುತ್ತಾರೆ. ಅಂಗೈಗೆ ತಟ್ಟುಗಳಿಲ್ಲ, ಕಡಿಯದ ಒಂದೇ ನಡುಕ. ಪೆಟ್ಟಿಗೆಗೆ ಸಿಕ್ಕಿಸಿದ ಮೀಟರಿನ ಮುಳ್ಳು ಮೇಲೇರಿದ್ದು ಕೆಳಗಿಳಿಯುವುದೇ ಇಲ್ಲ. ಒಂದು ತಟ್ಟಿಗೆ ತೆರೆದ ಗೇಟ್ ಮುಚ್ಚುವ ಮೊದಲೇ ಮುಂದಿನ ತಟ್ಟು ಬಂದುಬಿಡುತ್ತಿದೆ. ಸ್ವರ ಬದಲಾಗಿ ಕಿವಿ ಮೋಸಹೋಯಿತು. ಮಕ್ಕಳ ಅಂಗಾಲು ಮೋಸಹೋಗಲಿಲ್ಲ.

“ತೆರೆದೇ ಇರೋ ಬಾಗಿಲನ್ನ ಮತ್ತೆ ಹೇಗೆ ತೆಗೀತೀಯ? ಮೊದಲು ಮುಚ್ಬೇಕು. ಪಾಪ, ಎನ್ವಲಪ್ಪನ್ನ ಸುಮ್ಮನೆ ಬೈದೆ,” ಎನ್ನುತ್ತಾ ಅವರು ಬೆಸುಗೆ ಕಡ್ಡಿ ಕಾಯಿಸುತ್ತಾರೆ. ರಾಳದ ಹೊಗೆ ದೀಪದ ಸುತ್ತ ಸುಳಿಯುತ್ತದೆ. ಬೆರಳುಗುರಿನಷ್ಟು ಚಿಕ್ಕ ಎಲೆಕ್ಟ್ರಾನಿಕ್ ಚಿಪ್ ಒಂದು ಒಳಸೇರಿ, ಗೇಟನ್ನು ಪೆಟ್ಟಿಗೆಯ ತಾಳದ ಮಿಡಿತಕ್ಕೆ ಕಟ್ಟುತ್ತದೆ. ಇನ್ನು ಪ್ರತಿ ತಟ್ಟಿನ ಅರ್ಧದಲ್ಲಿ ಬಾಗಿಲು ಒಮ್ಮೆ ಮುಚ್ಚಲೇಬೇಕು. ಮುಳ್ಳು ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಏಳೂವರೆಯಾಗಿದೆ.

ಹತ್ತಕ್ಕೆ ಶಾಲೆಯ ಹಲಗೆ ಕೋಣೆಯಲ್ಲಿ ಅತ್ತಿಗೆಗೂ ಕುರ್ಚಿ ಹಾಕಿದ್ದಾರೆ. ಅವರು ಚಪ್ಪಲಿ ಬಿಟ್ಟು ಹಲಗೆಯ ಅಂಚಿಗೆ ನಿಲ್ಲುತ್ತಾರೆ. ಮುಂದಿನ ಸಾಲಿನ ಪುಟ್ಟ ಹುಡುಗಿ ಕಣ್ಣು ಮುಚ್ಚಿ, ನೆಲ ತಟ್ಟಿದಾಗಲೆಲ್ಲ ಮುಷ್ಟಿ ಬಿಚ್ಚಿ ಕಟ್ಟುತ್ತಾಳೆ. ಎಂಟು ಸಲ. ಆಮೇಲೆ ಹನ್ನೊಂದು ಜೊತೆ ಕಾಲು ಒಟ್ಟಿಗೆ ಏಳುತ್ತವೆ. ಮಂಡಳಿಯ ಹಿರಿಯರೊಬ್ಬರು ಬೂಟು ಕಳಚಿ, ಕಾಲುಚೀಲದಲ್ಲೇ ಹಲಗೆ ಹತ್ತುತ್ತಾರೆ. ಬೆಂಚುಗಳಿಗೆ ಬೇರೆ ಜಾಗ ನೋಡೋಣ ಎಂಬ ತೀರ್ಮಾನ ಅಲ್ಲೇ ಆಗುತ್ತದೆ.

ನಾದಿನಿಗೆ ಪೆಟ್ಟಿಗೆಯ ಮೇಲೆ ಅತ್ತಿಗೆಯ ಹೆಸರು ಕೆತ್ತಿಸುವ ಆಸೆ.

“ಹೆಸರು ಕಟ್ಕೊಂಡು ಏನ್ಮಾಡ್ತೀಯ? ಒಂದು ಚೀಟಿ ಅಂಟಿಸು, ಸಾಕು. ‘ನೋಡುವಾಗ ಎಂಟೂ ಹಾಕಿ, ಕೈಯಿಟ್ಟು ನೋಡಿ.’ ನಾಳೆ ಯಾರಾದ್ರೂ ನನ್ನ ಹಾಗೆ ಎರಡು ದಿನ ಕಳ್ಕೋಬಾರ್ದು ನೋಡು.”